ದೊಡ್ಡ ಲೆಕ್ಕವನ್ನು ಗೋಡೆಗೇರಿಸುವ ಮೊದಲು ಭಾಗಿಸಿ

ಪ್ರಶ್ನೆ: ಸರ್, ನಾನು ಮುಲುಂಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಟೀಚರ್. ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಏಳರಿಂದ ಒಂಬತ್ತನೇ ತರಗತಿಯ ಮಕ್ಕಳು ಮುಂಬಯಿ ಬಗ್ಗೆ ಒಂದು ಪ್ರದರ್ಶನ ಮಾಡುತ್ತಿದ್ದಾರೆ. ನೀರು, ಮಳೆ, ಜನಸಂಖ್ಯೆ, ಪಾಲಿಕೆಯ ಬಜೆಟ್, ಲೋಕಲ್ ಟ್ರೇನ್ ಎಂದು ಐದು ವಿಷಯ. ಏಳು ಜಲಾಶಯಗಳಲ್ಲಿ 14,47,363 ದಶಲಕ್ಷ ಲೀಟರ್ ನೀರು ಹಿಡಿಸುತ್ತದೆ ಎಂದು ಬರೆದು ಹಾಕಿದೆವು. ಯಾರಿಗೂ ತಲೆಗೆ ಹತ್ತಲಿಲ್ಲ. ಆಮೇಲೆ ‘5.79 ಲಕ್ಷ ಒಲಿಂಪಿಕ್ ಈಜುಕೊಳ’ ಎಂದು ಚಿತ್ರ ಬರೆಸಿದೆವು. ಸಂಘದ ಹಿರಿಯರೊಬ್ಬರು ನೋಡಿ, ‘ಅಂದ್ರೆ ಜಾಸ್ತಿನಾ, ಕಡಿಮೆನಾ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಇಂಥ ದೊಡ್ಡ ಸಂಖ್ಯೆಗಳನ್ನು ನೋಡಿದ ಕೂಡಲೇ ಅರ್ಥವಾಗುವ ಹಾಗೆ ತೋರಿಸುವುದು ಹೇಗೆ? ನಮ್ಮ ಹತ್ತಿರ ಇರುವುದು ಚಾರ್ಟ್ ಪೇಪರ್, ಸ್ಕೆಚ್ ಪೆನ್ನು ಮತ್ತು ಹಾಲ್‌ನ ಎರಡು ಉದ್ದದ ಗೋಡೆ.

ಉತ್ತರ: ಟೀಚರೇ, ಮೊದಲು ಆ ಈಜುಕೊಳಗಳನ್ನು ಗೋಡೆಯಿಂದ ಇಳಿಸಿ. ಲೆಕ್ಕವೇನೋ ಸರಿಯಾಗಿಯೇ ಇದೆ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳಕ್ಕೆ 25 ಲಕ್ಷ ಲೀಟರ್ ಹಿಡಿಸುತ್ತದೆ. ಭಾಗಿಸಿದರೆ ಮಕ್ಕಳು ಬರೆದಷ್ಟೇ ಬರುತ್ತದೆ. ಆದರೆ ನಿಮ್ಮ ಸಂಘದಲ್ಲಿ ಒಲಿಂಪಿಕ್ ಕೊಳ ಕಂಡವರು ಎಷ್ಟು ಜನ? ಕಂಡವರಿದ್ದರೂ ಐದೂಮುಕ್ಕಾಲು ಲಕ್ಷ ಕೊಳ ಅಂದರೆ ಎಷ್ಟು ಎಂಬ ಅಂದಾಜು ಅವರಿಗೂ ಇರುವುದಿಲ್ಲ. ಅರ್ಥವಾಗದ ಒಂದು ಸಂಖ್ಯೆ ಹೋಗಿ ಅರ್ಥವಾಗದ ಇನ್ನೊಂದು ಸಂಖ್ಯೆ ಬಂತು, ಅಷ್ಟೇ. ಟಿವಿಯವರೂ ಇದೇ ಕೆಲಸ ಮಾಡುತ್ತಾರೆ. ಇಷ್ಟು ಫುಟ್‌ಬಾಲ್ ಮೈದಾನ, ಭೂಮಿಗೆ ಇಷ್ಟು ಸುತ್ತು. ಕೇಳುವಾಗ ಅಬ್ಬಾ ಅನಿಸುತ್ತದೆ. ಆಮೇಲೆ ಏನೂ ಉಳಿಯುವುದಿಲ್ಲ.

ಕೇಳಬೇಕಾದ ಪ್ರಶ್ನೆ ಕೇಳಿದವರು ನಿಮ್ಮ ಹಿರಿಯರು. ಜಾಸ್ತಿನಾ, ಕಡಿಮೆನಾ? ಯಾವ ದೊಡ್ಡ ಸಂಖ್ಯೆಗೂ ತಾನಾಗಿ ಈ ಉತ್ತರ ಕೊಡಲು ಬರುವುದಿಲ್ಲ. ಅದನ್ನು ಇನ್ನೊಂದು ಸಂಖ್ಯೆಯ ಪಕ್ಕದಲ್ಲಿ ಇಡಬೇಕು. ಬೇಕಾದದ್ದು ಎಷ್ಟು, ಹೋದ ವರ್ಷ ಎಷ್ಟಿತ್ತು, ಪಕ್ಕದ ಊರಲ್ಲಿ ಎಷ್ಟು, ಒಬ್ಬರ ಪಾಲಿಗೆ ಎಷ್ಟು. ಹಾಗಾಗಿ ನಾನು ಹೇಳುವುದು ಒಂದೇ ಮಾತು. ಪೆನ್ಸಿಲ್ ಹಿಡಿಯುವ ಮೊದಲು ಭಾಗಾಕಾರ ಮಾಡಿ. ಯಾವುದರಿಂದ ಭಾಗಿಸಬೇಕು ಎಂದು ಗೊತ್ತಾದರೆ ಅರ್ಧ ಚಿತ್ರ ಬರೆದ ಹಾಗೇ. ಉಳಿದದ್ದು ಸ್ಕೇಲು, ಬಣ್ಣ, ಅಂಟು.

ನೀರಿನಿಂದಲೇ ಶುರು ಮಾಡೋಣ. ಐದು ವಿಷಯಗಳಲ್ಲಿ ಇದೇ ತುಂಬ ಚೆನ್ನಾಗಿ ಬರುವುದು. ಮುಂಬಯಿಗೆ ದಿನಕ್ಕೆ ಸುಮಾರು 3,900 ದಶಲಕ್ಷ ಲೀಟರ್ ನೀರು ಪೂರೈಕೆಯಾಗುತ್ತದೆ. ನಿಮ್ಮ 14,47,363ನ್ನು 3,900ರಿಂದ ಭಾಗಿಸಿ. 371 ಬರುತ್ತದೆ. ಅಂದರೆ ಏಳೂ ಜಲಾಶಯ ತುಂಬಿ ತುಳುಕಿದರೆ ಊರಿಗೆ 371 ದಿನದ ನೀರು. ಈಗ ಹಿರಿಯರಿಗೆ ಉತ್ತರ ಸಿಕ್ಕಿತಲ್ಲ? ವರ್ಷಕ್ಕೆ ಸರಿಹೋಗುತ್ತದೆ, ಮೇಲೆ ಆರು ದಿನ ಉಳಿಯುತ್ತದೆ. ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ, ತೀರಾ ಅಳತೆಗೆ ಸರಿಯಾಗಿದೆ. ಮಳೆಗಾಲ ಮುಗಿಯುವಾಗ, ಅಂದರೆ ಅಕ್ಟೋಬರ್ 1ಕ್ಕೆ, ಜಲಾಶಯಗಳು ತುಂಬಿರಲೇಬೇಕು ಎಂದು ಪಾಲಿಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಇದನ್ನು ಗೋಡೆಗೆ ಹಾಕುವುದು ಸುಲಭ. ಎರಡೂವರೆ ಸೆಂಟಿಮೀಟರಿನ 371 ಚೌಕ ಕತ್ತರಿಸಿ, ಒಂದೇ ಸಾಲಿನಲ್ಲಿ ಅಂಟಿಸಿ. ಒಂಬತ್ತು ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ ಬರುತ್ತದೆ. ನಿಮ್ಮ ಉದ್ದದ ಗೋಡೆ ಅದಕ್ಕೇ ಬೇಕು. ಒಂದು ಚೌಕ ಒಂದು ದಿನ. ಕೆಳಗೆ ಅಕ್ಟೋಬರ್, ನವೆಂಬರ್ ಎಂದು ತಿಂಗಳುಗಳ ಹೆಸರು. ಈಗ ಜಲಾಶಯಕ್ಕೊಂದು ಬಣ್ಣ ಕೊಟ್ಟು ಚಿಕ್ಕದರಿಂದ ದೊಡ್ಡದಕ್ಕೆ ತುಂಬುತ್ತಾ ಹೋಗಿ. ತುಳಸಿಗೆ 8,046 ದಶಲಕ್ಷ ಲೀಟರ್ ಹಿಡಿಸುತ್ತದೆ, ಎರಡು ಚೌಕ. ವಿಹಾರ್ 27,698, ಏಳು ಚೌಕ. ಮೋಡಕ್ ಸಾಗರ್ 33 ಚೌಕ, ತಾನ್ಸಾ 37, ಮಿಡ್ಲ್ ವೈತರಣಾ 50, ಅಪ್ಪರ್ ವೈತರಣಾ 58. ಇಷ್ಟಕ್ಕೆ ಏಪ್ರಿಲ್ ಮೊದಲ ವಾರ ಬಂದಿರುತ್ತದೆ. ಉಳಿದ 184 ಚೌಕವೂ ಭಾತ್ಸಾ ಒಂದರದ್ದೇ.

ತುಳಸಿಯ ಆ ಎರಡು ಚೌಕದ ಹತ್ತಿರ ಜನ ನಿಲ್ಲುತ್ತಾರೆ, ನೋಡಿ. ಪ್ರತಿ ಮಳೆಗಾಲದಲ್ಲೂ ‘ತುಳಸಿ ಕೆರೆ ತುಂಬಿ ಹರಿಯಿತು’ ಎಂಬ ಸುದ್ದಿ ಬರುತ್ತದೆ. ಅದರ ಬೆನ್ನಿಗೆ ‘ವಿಹಾರ್ ತುಂಬಿತು’. ವಾಟ್ಸ್ಆಪ್‌ನಲ್ಲಿ ವಿಡಿಯೊ ಓಡಾಡುತ್ತದೆ, ನಾವೂ ಖುಷಿಪಡುತ್ತೇವೆ. ಎರಡೂ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಡೆಯ, ಊರೊಳಗಿನ ಕೆರೆಗಳು. ಕ್ಯಾಮೆರಾ ಬೇಗ ತಲುಪುತ್ತದೆ. ಆದರೆ ಎರಡೂ ಸೇರಿದರೆ ಒಂಬತ್ತು ದಿನದ ನೀರು. ಆರು ತಿಂಗಳ ನೀರಿರುವ ಭಾತ್ಸಾ ದೂರದ ಶಹಾಪುರ ತಾಲ್ಲೂಕಿನಲ್ಲಿದೆ. ಖುಷಿಪಡುವುದಿದ್ದರೆ ಅದು ತುಂಬಿದಾಗ ಪಡಬೇಕು. ಒಂದು ಅಕ್ಷರವೂ ಬರೆಯದೆ ನಿಮ್ಮ ಪಟ್ಟಿ ಇದನ್ನು ತೋರಿಸುತ್ತದೆ. (ಪವಾಯಿ ಕೆರೆ ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದರ ನೀರನ್ನು ಕುಡಿಯಲು ಕೊಡುವುದಿಲ್ಲ, ಹಾಗಾಗಿ ಪಟ್ಟಿಯಲ್ಲಿ ಇಲ್ಲ.)

ಈ ಪಟ್ಟಿಯಿಂದ ಇನ್ನೊಂದು ಉಪಕಾರವಿದೆ. ಬೇಸಿಗೆಯಲ್ಲಿ ಪತ್ರಿಕೆಗಳು ಜಲಾಶಯದಲ್ಲಿ ಶೇ 20 ಉಳಿದಿದೆ, ಶೇ 10 ಉಳಿದಿದೆ ಎಂದು ಬರೆಯುತ್ತವೆ. ಶೇ 1 ಅಂದರೆ ಹತ್ತಿರಹತ್ತಿರ 3.7 ದಿನ. ಶೇ 10 ಅಂದರೆ 37 ಚೌಕ. ಮಕ್ಕಳಿಗೆ ಈ ಗುಣಾಕಾರ ಕಲಿಸಿಬಿಡಿ. 2024ರ ಜೂನ್ 5ರಿಂದ ಪಾಲಿಕೆ ಶೇ 10 ನೀರು ಕಡಿತ ಮಾಡಿತ್ತಲ್ಲ, ಯಾಕೆ ಎಂದು ಅವರೇ ಗೋಡೆ ನೋಡಿ ಹೇಳುತ್ತಾರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಮಾತು ಬರೆಯಲು ಮರೆಯಬೇಡಿ. ನಿಜದಲ್ಲಿ ಒಂದು ಜಲಾಶಯ ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕುವುದಿಲ್ಲ, ಬೇರೆಬೇರೆ ಕಡೆಯಿಂದ ಒಟ್ಟಿಗೇ ನೀರು ಬರುತ್ತದೆ. ಬಣ್ಣದ ಕ್ರಮ ಗಾತ್ರ ತೋರಿಸಲು ಮಾತ್ರ. ಮತ್ತೆ, ಬಿಸಿಲಿಗೆ ಆವಿಯಾಗುವ ನೀರು ಈ 371ರಲ್ಲಿ ಲೆಕ್ಕಕ್ಕೆ ಬಂದಿಲ್ಲ.

ಒಬ್ಬರಿಗೆ ಎಷ್ಟು ನೀರು ಎಂದೂ ತೋರಿಸಬಹುದು. ದಿನದ ಪೂರೈಕೆಯನ್ನು 2011ರ ಜನಗಣತಿಯ 1,24,42,373 ಜನರಿಗೆ ಹಂಚಿದರೆ ಒಬ್ಬರಿಗೆ 313 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ 21 ಕೊಡ. ನಗರಗಳಿಗೆ ಕೇಂದ್ರ ಹಾಕಿಕೊಟ್ಟ ಮಾನದಂಡ 135 ಲೀಟರ್, ಅಂದರೆ 9 ಕೊಡ. ಎರಡು ಸಾಲು ಕೊಡ ಬರೆಸಿ ಪಕ್ಕಪಕ್ಕ ಇಟ್ಟರೆ ನಳದ ಮುಂದೆ ಕಾದು ಗೊತ್ತಿರುವ ಯಾರಾದರೂ, ‘ನಮಗೆಲ್ಲಿ ಬರ್ತದೆ 21 ಕೊಡ?’ ಎಂದು ಜಗಳಕ್ಕೆ ಬರುತ್ತಾರೆ. ಬರಲಿ. ಸರಾಸರಿ ಎಂಬುದು ಯಾರ ಮನೆಯ ಲೆಕ್ಕವೂ ಅಲ್ಲ. ಸೋರಿ ಹೋಗುವುದು, ಕಾರ್ಖಾನೆ, ಹೋಟೆಲು, ಆಸ್ಪತ್ರೆ ಎಲ್ಲವೂ ಆ 313ರೊಳಗೇ ಇದೆ. 2011ರ ನಂತರ ಜನವೂ ಹೆಚ್ಚಿದ್ದಾರೆ. ನಾಲ್ಕು ಮನೆಯ ಮಕ್ಕಳು ತಮ್ಮ ಮನೆಗೆ ನಿಜಕ್ಕೂ ಎಷ್ಟು ಕೊಡ ಬರುತ್ತದೆ ಎಂದು ಅಳೆದು ಮೂರನೇ ಸಾಲು ಬರೆದರೆ ಇನ್ನೂ ಒಳ್ಳೆಯದು.

ಈಗ ಚಿತ್ರದ ಆಕಾರದ ಬಗ್ಗೆ ಒಂದು ಎಚ್ಚರಿಕೆ. ಏಳು ಜಲಾಶಯ ಎಂದ ಕೂಡಲೇ ಮಕ್ಕಳು ಏಳು ವೃತ್ತ ಬರೆಯುತ್ತಾರೆ, ಇಲ್ಲವೇ ಏಳು ನೀರಿನ ಹನಿ. ಬರೆಯಲು ಬಿಡಬೇಡಿ. ಭಾತ್ಸಾದಲ್ಲಿ ತುಳಸಿಯ 89 ಪಟ್ಟು ನೀರು ಹಿಡಿಸುತ್ತದೆ. ವೃತ್ತದ ವಿಸ್ತೀರ್ಣ 89 ಪಟ್ಟು ಆಗಬೇಕಾದರೆ ಅದರ ವ್ಯಾಸ 9.4 ಪಟ್ಟು ಆದರೆ ಸಾಕು. ನೋಡುವವರ ಕಣ್ಣು ಹಿಡಿಯುವುದು ಆ ಅಗಲವನ್ನು. ‘ಓ, ಒಂದು ಹತ್ತು ಪಟ್ಟು ದೊಡ್ಡದು’ ಎಂದುಕೊಂಡು ಮುಂದೆ ಹೋಗುತ್ತಾರೆ. ಮೂರು ಆಯಾಮದ ಟ್ಯಾಂಕಿಯ ಹಾಗೆ ಬರೆದರೆ ಇನ್ನೂ ಕೆಟ್ಟದು. ಅಲ್ಲಿ ಅಗಲ ನಾಲ್ಕೂವರೆ ಪಟ್ಟಿಗೇ ನಿಂತುಬಿಡುತ್ತದೆ. ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತದೆ ಎಂದು ದೊಡ್ಡ ಪತ್ರಿಕೆಗಳೂ ಬಿಡದೆ ಮಾಡುವ ಕೆಲಸ ಇದು. ನನಗಂತೂ ಕಂಡರೆ ಆಗುವುದಿಲ್ಲ.

ಇದು ನನ್ನೊಬ್ಬನ ಹಟವೂ ಅಲ್ಲ. ಅಮೆರಿಕದ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಗಿಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಇದನ್ನು ಜನರ ಮೇಲೆ ಪರೀಕ್ಷೆ ಮಾಡಿ ಬರೆದರು. ಒಂದೇ ಗೆರೆಯ ಮೇಲೆ ಯಾವುದು ಎಲ್ಲಿದೆ ಎಂಬುದನ್ನು ಕಣ್ಣು ಚೆನ್ನಾಗಿ ಅಳೆಯುತ್ತದೆ. ಉದ್ದವನ್ನೂ ತಕ್ಕಮಟ್ಟಿಗೆ ಅಳೆಯುತ್ತದೆ. ಕೋನ, ವಿಸ್ತೀರ್ಣ, ಗಾತ್ರ ಎಂದು ಹೋದ ಹಾಗೆ ಕಣ್ಣಂದಾಜು ಹದಗೆಡುತ್ತದೆ. ನಿಮ್ಮ ಚೌಕಗಳ ಪಟ್ಟಿ ಕೆಲಸ ಮಾಡುವುದು ಅದಕ್ಕೇ. ಅಲ್ಲಿ ಕಾಣುವುದು ಉದ್ದ. ಸಾಲದಿದ್ದರೆ ಒಂದೊಂದೇ ಎಣಿಸಲೂಬಹುದು.

ಎಣಿಸುವ ಉಪಾಯಕ್ಕೆ ನೂರು ವರ್ಷದ ಇತಿಹಾಸವಿದೆ. 1920ರ ದಶಕದಲ್ಲಿ ವಿಯೆನ್ನಾದಲ್ಲಿ ಓಟೊ ನಾಯ್‌ರಾಟ್ ಎಂಬವರು ಕೂಲಿ ಕಾರ್ಮಿಕರಿಗೂ ಅರ್ಥವಾಗಬೇಕು ಎಂದು ಅಂಕಿಅಂಶಗಳ ಒಂದು ಮ್ಯೂಸಿಯಂ ಕಟ್ಟಿದರು. ಅವರ ನಿಯಮ ಸರಳ. ಸಂಖ್ಯೆ ಹೆಚ್ಚಾದರೆ ಚಿತ್ರವನ್ನು ದೊಡ್ಡದು ಮಾಡಬಾರದು, ಅಷ್ಟೇ ದೊಡ್ಡ ಚಿತ್ರಗಳನ್ನು ಇನ್ನಷ್ಟು ಇಡಬೇಕು. ಒಂದು ಮನುಷ್ಯನ ಗೊಂಬೆ ಅಂದರೆ ಇಷ್ಟು ಜನ, ಚಾರ್ಟಿನ ಈ ತುದಿಯಿಂದ ಆ ತುದಿಗೂ ಅದೇ ಗೊಂಬೆ, ಅದೇ ಅಳತೆ. ಇದಕ್ಕೂ ಮೊದಲು, 1869ರಲ್ಲಿ, ಫ್ರಾನ್ಸಿನ ಎಂಜಿನಿಯರ್ ಶಾರ್ಲ್ ಮಿನಾರ್ ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯ ನಕ್ಷೆ ಬರೆದಾಗಲೂ ಹೀಗೇ ಹಟ ಹಿಡಿದಿದ್ದರು. 10,000 ಸೈನಿಕರಿಗೆ ಒಂದು ಮಿಲಿಮೀಟರ್ ಅಗಲ. ಹೊರಟದ್ದು 4,22,000 ಜನ, ಅಗಲದ ಪಟ್ಟಿ. ಮರಳಿದ್ದು 10,000, ಒಂದು ದಾರದಷ್ಟು ಗೆರೆ. ಮಧ್ಯದಲ್ಲಿ ಎಲ್ಲೂ ಅಳತೆ ಬದಲಾಗಲಿಲ್ಲ.

ಮಳೆಗೆ ಬರೋಣ. ಇಲ್ಲಿ ಚಿತ್ರ ಬರೆಯುವುದೇ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿಯಿತು. ಮಿ.ಮೀ. ಎಂದರೆ ಎಲ್ಲರೂ ಸಣ್ಣದು ಅಂದುಕೊಳ್ಳುತ್ತಾರೆ. ಆದರೆ ಮಳೆಯ ಅಳತೆ ಎಂಬುದು ಎತ್ತರದ ಅಳತೆ. ನೀರು ಎಲ್ಲಿಗೂ ಹರಿಯದೆ ಬಿದ್ದಲ್ಲೇ ನಿಂತಿದ್ದರೆ ಅಷ್ಟು ಎತ್ತರ ಆಗುತ್ತಿತ್ತು. ಗೋಡೆಯ ಮೇಲೆ ನೆಲದಿಂದ 94.4 ಸೆಂ.ಮೀ. ಅಳೆದು ನೀಲಿ ಟೇಪ್ ಹಚ್ಚಿ. ಪಕ್ಕದಲ್ಲಿ ಮಕ್ಕಳು ನಿಂತು ನೋಡಲಿ. ಅದರ ಹತ್ತಿರವೇ 7 ಸೆಂ.ಮೀ. ಚಿಲ್ಲರೆ ಎತ್ತರದಲ್ಲಿ ಇನ್ನೊಂದು ಟೇಪ್. ಅದು ಅದೇ ದಿನ ಕೊಲಾಬಾದಲ್ಲಿ ಬಿದ್ದ ಮಳೆ. ಒಂದು ಗೆರೆ ಸೊಂಟದ ಹತ್ತಿರ, ಇನ್ನೊಂದು ಪಾದ ಮುಳುಗುವಷ್ಟು. ಒಂದೇ ಊರು, ಒಂದೇ ದಿನ. ಬೇಕಿದ್ದರೆ ಮೂರನೇ ಟೇಪನ್ನು 2.3 ಮೀಟರ್ ಎತ್ತರದಲ್ಲಿ ಹಚ್ಚಿ, ಸ್ಟೂಲ್ ಹತ್ತಬೇಕಾಗುತ್ತದೆ. ಸಾಂತಾಕ್ರೂಜ್‌ನಲ್ಲಿ ಇಡೀ ಮಳೆಗಾಲಕ್ಕೆ ಸಾಮಾನ್ಯವಾಗಿ ಬೀಳುವುದು 2,300 ಮಿ.ಮೀ. ಆಸುಪಾಸು.

ಇಲ್ಲೊಂದು ಆಸೆ ಹುಟ್ಟುತ್ತದೆ, ಅದಕ್ಕೆ ಬಲಿಯಾಗಬೇಡಿ. 944 ಮಿ.ಮೀ.ಯನ್ನು ಇಡೀ ಮುಂಬಯಿಯ ವಿಸ್ತೀರ್ಣದಿಂದ ಗುಣಿಸಿ, ‘ಒಂದೇ ದಿನ ನೂರು ದಿನದ ನೀರು ಬಿತ್ತು’ ಎಂದು ಬರೆಯಬಹುದು. ಗುಣಾಕಾರ ಸರಿಯಾಗಿಯೇ ಬರುತ್ತದೆ, ಮಾತು ಸುಳ್ಳಾಗುತ್ತದೆ. ಕೊಲಾಬಾದ ಟೇಪ್ ಪಕ್ಕದಲ್ಲೇ ಇದೆಯಲ್ಲ, ಎಲ್ಲ ಕಡೆ ಒಂದೇ ಮಳೆ ಬಿದ್ದಿಲ್ಲ. ಒಂದು ಕಟ್ಟಡದ ತಾರಸಿಗೆ ಲೆಕ್ಕ ಹಾಕಿ, ಅದು ನ್ಯಾಯ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. ಸಾಂತಾಕ್ರೂಜ್‌ನಲ್ಲಿ 200 ಚದರ ಮೀಟರಿನ ತಾರಸಿ ಇದ್ದರೆ ಆ ದಿನ ಅದರ ಮೇಲೆ 1,88,800 ಲೀಟರ್. 10,000 ಲೀಟರಿನ ಟ್ಯಾಂಕರಿನಲ್ಲಿ ಹತ್ತೊಂಬತ್ತು. ಸೊಸೈಟಿಗೆ ಟ್ಯಾಂಕರ್ ತರಿಸಿ ದುಡ್ಡು ಕೊಟ್ಟವರಿಗೆ ಈ ಲೆಕ್ಕ ಬೇರೆ ವಿವರಣೆ ಕೇಳುವುದಿಲ್ಲ.

ಜನಸಂಖ್ಯೆಗೆ ಏನು ಮಾಡುವುದು? ನಿಮ್ಮ ಸಂಘದವರ ಊರು ಯಾವುದು ಎಂದು ಮೊದಲು ಯೋಚಿಸಿ. ಮುಂಬಯಿ ಕನ್ನಡಿಗರಲ್ಲಿ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು ಬಹಳ. ಅವರ ಕಣ್ಣಲ್ಲಿ ಅಳತೆಗೋಲು ಆಗಲೇ ಇದೆ. ಉಡುಪಿ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,77,361. ವಿಸ್ತೀರ್ಣ ಸುಮಾರು 3,600 ಚದರ ಕಿ.ಮೀ. ಮುಂಬಯಿ ಪಾಲಿಕೆಯ ವ್ಯಾಪ್ತಿ 440 ಚದರ ಕಿ.ಮೀ. ಆಸುಪಾಸು. ಒಂದು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಎಂದು ಎರಡು ಚೌಕ ಬರೆಯಿರಿ. ಉಡುಪಿಯ ಚೌಕ 60 ಸೆಂ.ಮೀ., ಮುಂಬಯಿಯದ್ದು 21 ಸೆಂ.ಮೀ. ಈಗ 10,000 ಜನರಿಗೆ ಒಂದು ಬಿಂದಿ. ಉಡುಪಿಗೆ 118 ಬಿಂದಿ, ಆರಾಮವಾಗಿ ದೂರದೂರ ಕೂರುತ್ತವೆ. ಮುಂಬಯಿಗೆ 1,244. ಅಂಟಿಸುತ್ತಾ ಅಂಟಿಸುತ್ತಾ ಮಕ್ಕಳಿಗೇ ಜಾಗ ಸಾಲದು ಅನಿಸತೊಡಗುತ್ತದೆ. ನಿಜ ಹೇಳಬೇಕೆಂದರೆ ಈ ಚಿತ್ರದಿಂದ ನೋಡುವವರಿಗಿಂತ ಅಂಟಿಸುವವರಿಗೆ ಲಾಭ ಜಾಸ್ತಿ. ನಿಮ್ಮ ಸಂಘದಲ್ಲಿ ವಿಜಯಪುರ, ಕಲಬುರಗಿ ಕಡೆಯವರು ಹೆಚ್ಚಿದ್ದರೆ ಆ ಜಿಲ್ಲೆಯನ್ನೇ ಇಡಿ. ಉಡುಪಿಯೇ ಆಗಬೇಕು ಎಂದೇನಿಲ್ಲ.

ಬಜೆಟ್ಟು ಕಷ್ಟದ್ದು. ಪಾಲಿಕೆಯ 2025-26ರ ಬಜೆಟ್ 74,427 ಕೋಟಿ ರೂಪಾಯಿ. ಮಕ್ಕಳು ನೋಟು ಜೋಡಿಸುವ ಲೆಕ್ಕಕ್ಕೆ ಇಳಿಯುತ್ತಾರೆ, ಅದೂ ಗೊತ್ತು. 500ರ ನೋಟು 15 ಸೆಂ.ಮೀ. ಉದ್ದ. ತುದಿಗೆ ತುದಿ ಸೇರಿಸಿ ಇಟ್ಟರೆ 2.23 ಲಕ್ಷ ಕಿ.ಮೀ. ಆಗುತ್ತದೆ. ಚಂದ್ರನಿಗೆ ಅರ್ಧ ದಾರಿ ದಾಟುತ್ತದೆ. ಆಯಿತು, ಏನೀಗ? ರಸ್ತೆಗುಂಡಿ ಮುಚ್ಚಲು ಆ ದುಡ್ಡು ಸಾಕಾ ಎಂದು ಚಂದ್ರನ ದಾರಿಯಿಂದ ಗೊತ್ತಾಗುವುದಿಲ್ಲ.

ಇದನ್ನೂ ಭಾಗಿಸಿ. 2011ರ ಜನಸಂಖ್ಯೆಗೆ ಹಂಚಿದರೆ ಒಬ್ಬರಿಗೆ ವರ್ಷಕ್ಕೆ ಸುಮಾರು 60,000 ರೂಪಾಯಿ, ದಿನಕ್ಕೆ 164. ಈಗ ಅದು ನಮ್ಮ ಕಿಸೆಯ ಲೆಕ್ಕ. ಅಪ್ಪ, ಅಮ್ಮ, ಎರಡು ಮಕ್ಕಳ ಮನೆ ಎಂದರೆ ಪಾಲಿಕೆ ಅವರ ಹೆಸರಲ್ಲಿ ದಿನಕ್ಕೆ 656 ರೂಪಾಯಿ ಖರ್ಚು ಮಾಡಲು ಯೋಚಿಸಿತ್ತು. ಆ 164ರಲ್ಲಿ ಶೇ 58ರಷ್ಟು, ಅಂದರೆ ಸುಮಾರು 95 ರೂಪಾಯಿ, ಹೊಸ ರಸ್ತೆ, ಸುರಂಗ, ಆಸ್ಪತ್ರೆ ಕಟ್ಟಡದಂಥ ಬಂಡವಾಳ ಕೆಲಸಕ್ಕೆ. ಉಳಿದದ್ದು ಸಂಬಳ, ಪಿಂಚಣಿ, ದುರಸ್ತಿ, ನಿತ್ಯದ ಕೆಲಸಗಳಿಗೆ. ಒಂದು ರೂಪಾಯಿಯ 164 ನಾಣ್ಯಗಳ ಚಿತ್ರ ಬರೆದು ಎರಡು ಬಣ್ಣ ಕೊಡಿ. ಇಷ್ಟಕ್ಕೆ ನಿಲ್ಲಿಸಿ. ಇಲಾಖೆ ಇಲಾಖೆಗೂ ಬಣ್ಣ ಹಚ್ಚಿದರೆ ಮತ್ತೆ ಯಾರೂ ಓದುವುದಿಲ್ಲ.

ಅದರ ಹಿಂದಿನ ವರ್ಷಕ್ಕೆ ಹೋಲಿಸುವಾಗ ಒಂದು ಜಾಗದಲ್ಲಿ ಕಾಲು ಜಾರುವುದು ಸುಲಭ. 2024-25ರ ಬಜೆಟ್ 59,954 ಕೋಟಿ ಇತ್ತು. ಏರಿಕೆ ಸುಮಾರು ಕಾಲು ಭಾಗ. ಎರಡು ಕಂಬ ಬರೆಯಿರಿ, ಸಾವಿರ ಕೋಟಿಗೆ ಒಂದು ಸೆಂಟಿಮೀಟರ್. 60 ಸೆಂ.ಮೀ. ಮತ್ತು 74 ಸೆಂ.ಮೀ. ಬರುತ್ತದೆ. ಕಾಗದ ಸಾಲುವುದಿಲ್ಲ ಎಂದು ಯಾರೋ ಒಬ್ಬ ಜಾಣ ಹುಡುಗ 50,000ದಿಂದ ಶುರು ಮಾಡುತ್ತಾನೆ. ಆಗ ಒಂದು ಕಂಬ 10, ಇನ್ನೊಂದು 24. ಬಜೆಟ್ ಎರಡೂವರೆ ಪಟ್ಟು ಆದ ಹಾಗೆ ಕಾಣುತ್ತದೆ! ಕಂಬದ ಚಿತ್ರ ಯಾವಾಗಲೂ ಸೊನ್ನೆಯಿಂದಲೇ ಏಳಬೇಕು. ಕಾಗದ ಸಾಲದಿದ್ದರೆ ಎರಡು ಹಾಳೆ ಅಂಟಿಸಿ.

ಲಕ್ಷಕ್ಕೂ ಕೋಟಿಗೂ ಎಷ್ಟು ಅಂತರ ಎಂಬುದೇ ನಮಗೆ ಮೈಗೆ ಹತ್ತಿಲ್ಲ. ಅದಕ್ಕೊಂದು ಆಟ ಹೇಳುತ್ತೇನೆ. ಹಾಲ್‌ನಲ್ಲಿ 10 ಮೀಟರಿನ ಹಗ್ಗ ಕಟ್ಟಿ. ಒಂದು ತುದಿ ಸೊನ್ನೆ, ಇನ್ನೊಂದು ತುದಿ 100 ಕೋಟಿ. ಬಂದವರ ಕೈಗೆ ಬಟ್ಟೆ ಒಣಗಿಸುವ ಎರಡು ಕ್ಲಿಪ್ ಕೊಟ್ಟು, ಒಂದು ಕೋಟಿ ಎಲ್ಲಿ, ಒಂದು ಲಕ್ಷ ಎಲ್ಲಿ ಹಾಕಿ ಎನ್ನಿ. ಬಹಳ ಜನ ಕೋಟಿಯನ್ನು ಹಗ್ಗದ ನಡುವಿಗೆ ತರುತ್ತಾರೆ. ಸರಿಯಾದ ಜಾಗ ಸೊನ್ನೆಯಿಂದ 10 ಸೆಂ.ಮೀ. ದೂರ, ಗೇಣಿಗಿಂತ ಕಡಿಮೆ. ಲಕ್ಷ ಇರುವುದು 1 ಮಿಲಿಮೀಟರಿನಲ್ಲಿ. ಅಲ್ಲಿ ಕ್ಲಿಪ್ ಹಾಕಲೂ ಜಾಗವಿಲ್ಲ. ಆಟ ಬೇಡ ಎಂದರೆ ಸೆಕೆಂಡುಗಳಲ್ಲಿ ಹೇಳಿ. ಲಕ್ಷ ಸೆಕೆಂಡು ಅಂದರೆ ಒಂದು ದಿನ, ಮೇಲೆ ಸುಮಾರು ನಾಲ್ಕು ಗಂಟೆ. ಕೋಟಿ ಸೆಕೆಂಡು 116 ದಿನ. ನೂರು ಕೋಟಿ 31 ವರ್ಷ ಎಂಟು ತಿಂಗಳು. ಇನ್ನು ಸರ್ಕಾರಗಳ ಬಾಯಲ್ಲಿ ಸಲೀಸಾಗಿ ಬರುವ ಲಕ್ಷ ಕೋಟಿ ಇದೆಯಲ್ಲ, ಅದು 31,700 ವರ್ಷ.

ಕೊನೆಗೆ ಲೋಕಲ್. ದಿನಕ್ಕೆ ಸುಮಾರು 75 ಲಕ್ಷ ಪ್ರಯಾಣಿಕರು ಎನ್ನುವ ಸಂಖ್ಯೆಯನ್ನು ಎಲ್ಲರೂ ಬರೆಯುತ್ತಾರೆ. ಅದು ತಲೆಗಳ ಲೆಕ್ಕವಲ್ಲ, ಪ್ರಯಾಣಗಳ ಲೆಕ್ಕ. ಬೆಳಿಗ್ಗೆ ಹೋಗಿ ಸಂಜೆ ಬಂದವರು ಎರಡು ಸಲ ಎಣಿಕೆಗೆ ಬರುತ್ತಾರೆ. ಜೊತೆಗೆ ವಿರಾರ್, ಡೊಂಬಿವಲಿ, ಪನ್ವೇಲಿನವರೂ ಅದರಲ್ಲಿದ್ದಾರೆ. ಹಾಗಾಗಿ ಇದನ್ನು ಮುಂಬಯಿಯ ಜನಸಂಖ್ಯೆಯಿಂದ ಭಾಗಿಸಿ ‘ಹತ್ತರಲ್ಲಿ ಆರು ಜನ’ ಎಂದು ಬರೆದರೆ ತಪ್ಪಾಗುತ್ತದೆ. ಈ ವಿಷಯಕ್ಕೆ ಬೇರೆ ಸಂಖ್ಯೆ ತೆಗೆದುಕೊಳ್ಳಿ. ಪೀಕ್ ಅವರ್‌ನಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರುತ್ತಾರೆ. ರೈಲ್ವೆಯವರು ಇದಕ್ಕೆ ‘ಸೂಪರ್ ಡೆನ್ಸ್ ಕ್ರಷ್ ಲೋಡ್’ ಎಂದು ಹೆಸರನ್ನೇ ಇಟ್ಟಿದ್ದಾರೆ. ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮೀಟರಿನ ಚೌಕ ಬರೆದು, ಅದರೊಳಗೆ 14 ಜೋಡಿ ಹೆಜ್ಜೆಗುರುತು ಬರೆಯಿರಿ. ಹಿಡಿಸಲು ಪರದಾಡುತ್ತೀರಿ. ಮಕ್ಕಳನ್ನೇ ನಿಲ್ಲಿಸಲು ಹೋಗಬೇಡಿ, ಬೀಳುತ್ತಾರೆ.

ಭಾಗಿಸಬಾರದ ಸಂಖ್ಯೆಯೂ ಇಲ್ಲಿಯೇ ಇದೆ. ಮುಂಬಯಿಯ ಲೋಕಲ್ ಹಳಿಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಹೆಚ್ಚಿನವರು ಹಳಿ ದಾಟುವಾಗ, ಇಲ್ಲವೇ ತುಂಬಿದ ಬಾಗಿಲಿನಿಂದ ಬಿದ್ದು. ಇದನ್ನು ವರ್ಷದ ಇನ್ನೂರೈವತ್ತು ಕೋಟಿಗೂ ಮೇಲ್ಪಟ್ಟ ಪ್ರಯಾಣಗಳಿಂದ ಭಾಗಿಸಿದರೆ ಉತ್ತರ ಸೊನ್ನೆಯ ಹತ್ತಿರ ಬರುತ್ತದೆ. ಗಣಿತ ಸರಿ, ಆದರೆ ಸತ್ತವರೇ ಕಾಣಿಸದೆ ಹೋಗುತ್ತಾರೆ. ಇಂಥ ಕಡೆ ನಾಯ್‌ರಾಟ್ ದಾರಿಯೇ ಸರಿ. ಅದರಲ್ಲೂ ಒಂದು ಗುರುತಿಗೆ ನೂರು ಜನ ಎಂದು ಮಾಡಬೇಡಿ. ಒಬ್ಬರಿಗೆ ಒಂದು ಗೆರೆ. ವರ್ಷದ ಕ್ಯಾಲೆಂಡರ್ ಬರೆದು ದಿನಕ್ಕೆ ಆರೇಳು ಗೆರೆ ಎಳೆದರೆ ಹಾಳೆ ತುಂಬುತ್ತದೆ. ದಿನದಿನದ ನಿಜ ಸಂಖ್ಯೆ ಅಲ್ಲ, ಸರಾಸರಿ ಎಂದು ಕೆಳಗೆ ಬರೆಯಿರಿ. ಇದಕ್ಕೆ ಬಣ್ಣ ಬೇಡ, ಪೆನ್ಸಿಲ್ ಸಾಕು. ಏಳನೇ ತರಗತಿಯವರಿಗೆ ಇದು ಭಾರ ಅನಿಸಿದರೆ ಒಂಬತ್ತನೆಯವರಿಗೆ ವಹಿಸಿ, ಅಥವಾ ಬಿಟ್ಟುಬಿಡಿ. ನಿಮ್ಮ ಮಕ್ಕಳು ನಿಮಗೆ ಗೊತ್ತು.

ಐದು ವಿಷಯಕ್ಕೂ ಒಂದೇ ಗೋಡೆಯಲ್ಲಿ ಜಾಗ ಮಾಡಬೇಡಿ. ನೀರಿನ ಪಟ್ಟಿಗೆ ಒಂದು ಗೋಡೆ ಪೂರ್ತಿ ಬಿಟ್ಟುಕೊಡಿ. ಪ್ರತಿ ಚಿತ್ರದ ಕೆಳಗೂ ಸಂಖ್ಯೆ ಯಾವ ವರ್ಷದ್ದು, ಯಾರು ಕೊಟ್ಟದ್ದು ಎಂದು ಒಂದು ಸಾಲು ಇರಲಿ. 2011ರ ಜನಗಣತಿಯನ್ನು 2025-26ರ ಬಜೆಟ್ಟಿನ ಜೊತೆ ಬಳಸಿದ್ದೇವೆ ಎಂಬುದನ್ನೂ ಮುಚ್ಚಿಡಬೇಡಿ. ಯಾರೋ ಒಬ್ಬ ನಿವೃತ್ತ ಬ್ಯಾಂಕಿನವರು ಬಂದು ಹಿಡಿದೇ ಹಿಡಿಯುತ್ತಾರೆ. ಎಲ್ಲ ಆದ ಮೇಲೆ, ಉತ್ಸವದ ಹಿಂದಿನ ದಿನ, ಆ ಹಿರಿಯರನ್ನೇ ಕರೆದು ತೋರಿಸಿ. ಏನೂ ವಿವರಿಸದೆ ಸುಮ್ನೆ ನಿಂತಿರಿ. ಅವರು ಯಾವ ಚಿತ್ರದ ಮುಂದೆ ‘ಅಂದ್ರೆ?’ ಎನ್ನುತ್ತಾರೋ ಅದನ್ನು ಮತ್ತೆ ಬರೆಸಿ.

ಬಿಂದಿಯ ಬಗ್ಗೆ ಒಂದು ಮಾತು. ಎರಡೂ ಚೌಕಕ್ಕೆ ಸೇರಿ 1,362 ಬೇಕು. ಭುಲೇಶ್ವರದಲ್ಲಿ ಹೋಲ್‌ಸೇಲ್ ಪ್ಯಾಕೆಟ್ ತನ್ನಿ, ತೀರಾ ಸಣ್ಣದು ಆರಿಸಿ. 21 ಸೆಂಟಿಮೀಟರಿನ ಚೌಕದಲ್ಲಿ ಒಂದೊಂದು ಬಿಂದಿಗೂ ಸಿಗುವ ಜಾಗ 6 ಮಿಲಿಮೀಟರ್ ಮಾತ್ರ. ಅದಕ್ಕಿಂತ ದೊಡ್ಡ ಬಿಂದಿ ಆದರೆ ಒಂದರ ಮೇಲೊಂದು ಕೂತು ಎಣಿಸಲು ಬರುವುದಿಲ್ಲ.